ಬಯೋಸ್ ಸೆಟಪ್ ತೆರೆಯುತ್ತಿಲ್ಲವೇ? ಡೆಸ್ಕ್‌ಟಾಪ್‌ನಲ್ಲಿ ದೋಷ ಹುಡುಕುವ ಕ್ರಮ

'ಡಿಲೀಟ್ ಕೀ ಎಷ್ಟು ಒತ್ತಿದರೂ ಬಯೋಸ್ ಬರುತ್ತಿಲ್ಲ' ಎಂಬ ಒಂದೇ ದೂರಿನ ಹಿಂದೆ ನಾಲ್ಕು ಬೇರೆ ಬೇರೆ ದೋಷಗಳು ಇರಬಹುದು. ಒತ್ತಿದ ಕೀ ಫರ್ಮ್‌ವೇರ್‌ಗೆ (ವಿಂಡೋಸ್‌ಗೂ ಮೊದಲು ಯಂತ್ರವನ್ನು ಎಬ್ಬಿಸುವ, ಮದರ್‌ಬೋರ್ಡ್‌ನಲ್ಲೇ ಇರುವ ತಂತ್ರಾಂಶ; ಬಯೋಸ್ ಎಂದರೂ ಇದೇ) ಮುಟ್ಟುತ್ತಲೇ ಇಲ್ಲದಿರಬಹುದು. ಕೀ ಒತ್ತುವಷ್ಟು ಹೊತ್ತು ಫರ್ಮ್‌ವೇರ್ ಕಾಯದೆ ಇರಬಹುದು. ಸೆಟಪ್, ಅಂದರೆ ಫರ್ಮ್‌ವೇರ್‌ನ ಸೆಟ್ಟಿಂಗ್‌ಗಳ ಪುಟ, ತೆರೆದುಕೊಂಡಿದ್ದರೂ ಪರದೆಯ ಮೇಲೆ ಕಾಣದೆ ಇರಬಹುದು. ಅಥವಾ ಸೆಟಪ್ ತೆರೆಯಲು ಹೋಗಿ ನಡುವೆ ಎಲ್ಲೋ ಸಿಕ್ಕಿಕೊಂಡಿರಬಹುದು. ನಾಲ್ಕಕ್ಕೂ ಪರಿಹಾರ ಬೇರೆ. ಹಾಗಿದ್ದೂ ಎಲ್ಲರೂ ಕೊಡುವ ಸಲಹೆ ಒಂದೇ: ಮದರ್‌ಬೋರ್ಡ್‌ನ ಮೇಲಿನ ಗುಂಡನೆಯ 'ಸೆಲ್ ತೆಗೆದು ಹಾಕಿ'. ಅದು ಕೆಲವೊಮ್ಮೆ ಕೆಲಸ ಮಾಡುತ್ತದೆ ನಿಜ, ಆದರೆ ಮೊದಲ ಹೆಜ್ಜೆಯಾಗಿ ಅದು ಕೆಟ್ಟ ಸಲಹೆ. ಏಕೆಂದು ಮುಂದೆ ಬರುತ್ತದೆ.

ಮೊದಲು ಯಾವ ದೋಷ ಎಂದು ತಿಳಿದುಕೊಳ್ಳಿ

ಎರಡು ಸಲ ಆನ್ ಮಾಡಿ ನೋಡಬೇಕು. ಮೊದಲ ಸಲ ಯಾವ ಕೀಯನ್ನೂ ಮುಟ್ಟಬೇಡಿ. ಎರಡನೇ ಸಲ ಪವರ್ ಬಟನ್ ಒತ್ತಿದ ಕೂಡಲೇ ಸೆಟಪ್ ಕೀಯನ್ನು (ಹೆಚ್ಚಾಗಿ ಡಿಲೀಟ್ ಅಥವಾ ಎಫ್2) ಸೆಕೆಂಡಿಗೆ ಎರಡು ಸಲದಂತೆ ತಟ್ಟುತ್ತಾ ಹೋಗಿ. ಒತ್ತಿ ಹಿಡಿಯಬೇಡಿ. ಹಿಡಿದುಕೊಂಡರೆ ಕೆಲವು ಬೋರ್ಡ್‌ಗಳು ಕೀ ಅಂಟಿಕೊಂಡಿದೆ ಎಂದುಕೊಂಡು ಕೀಬೋರ್ಡ್ ದೋಷ ಎಂದು ತೋರಿಸುತ್ತವೆ.

ಎರಡೂ ಸಲ ವಿಂಡೋಸ್ ಮಾಮೂಲಿನಂತೆ ಬಂದರೆ ಕೀ ಮುಟ್ಟುತ್ತಿಲ್ಲ, ಇಲ್ಲವೇ ಫರ್ಮ್‌ವೇರ್ ಕಾಯುತ್ತಿಲ್ಲ. ಮೊದಲ ಸಲ ವಿಂಡೋಸ್ ಬಂದು, ಎರಡನೇ ಸಲ ಪರದೆ ಕಪ್ಪಾಗಿಯೋ ಲೋಗೋದಲ್ಲೇ ನಿಂತೋ ಉಳಿದು ವಿಂಡೋಸ್ ಕೂಡ ಬಾರದೆ ಹೋದರೆ ಕೀ ಮುಟ್ಟಿದೆ ಎಂದೇ ಅರ್ಥ. ಇನ್ನು ಕೀಬೋರ್ಡ್ ಬದಲಿಸುತ್ತಾ ಕೂರುವುದು ವ್ಯರ್ಥ. ಸಮಸ್ಯೆ ಪರದೆಯದ್ದು, ಇಲ್ಲವೇ ಸೆಟಪ್‌ನದ್ದು.

ಈ ಎರಡರಲ್ಲಿ ಯಾವುದು ಎನ್ನುವುದನ್ನು ನಮ್‌ಲಾಕ್ ದೀಪವೇ ಹೇಳುತ್ತದೆ. ಪರದೆ ಕಪ್ಪಗಿರುವಾಗ ಅರ್ಧ ನಿಮಿಷ ಬಿಟ್ಟು ನಮ್‌ಲಾಕ್ ಅಥವಾ ಕ್ಯಾಪ್ಸ್‌ಲಾಕ್ ಒತ್ತಿ. ಒತ್ತಿದಾಗೆಲ್ಲ ದೀಪ ಹತ್ತಿ ಆರುತ್ತಿದ್ದರೆ ಫರ್ಮ್‌ವೇರ್ ಜೀವಂತವಾಗಿದೆ. ಸೆಟಪ್ ಬಹುಪಾಲು ತೆರೆದೇ ಇದೆ, ನಿಮಗೆ ಕಾಣುತ್ತಿಲ್ಲ ಅಷ್ಟೇ. ಇದನ್ನು ಖಚಿತಪಡಿಸಿಕೊಳ್ಳಲು ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ. ಯಂತ್ರ ಮತ್ತೆ ಮೊದಲಿನಿಂದ ಶುರುವಾಗಬೇಕು. ದೀಪ ಅಲ್ಲಾಡದೆ ನಿಂತಿದ್ದರೆ, ಮೂರು ಕೀಗಳಿಗೂ ಜವಾಬಿಲ್ಲದಿದ್ದರೆ, ಸೆಟಪ್ ಹ್ಯಾಂಗ್ ಆಗಿದೆ. ಈಚಿನ ಕೆಲವು ಕೀಬೋರ್ಡ್‌ಗಳಲ್ಲಿ ಈ ದೀಪಗಳೇ ಇರುವುದಿಲ್ಲ. ಪರೀಕ್ಷೆಯ ಮಟ್ಟಿಗೆ ಹಳೆಯದೊಂದನ್ನು ಎರವಲು ತಂದರೂ ಸರಿ.

ಕೀ ಒತ್ತಿದರೂ ಒತ್ತದಿದ್ದರೂ ಏನೂ ಬರುತ್ತಿಲ್ಲ ಎಂದಾದರೆ ಅದು ಸೆಟಪ್ ದೋಷವಲ್ಲ. ಆಗ ಈಚಿನ ಹಲವು ಮದರ್‌ಬೋರ್ಡ್‌ಗಳ ಮೇಲಿರುವ ಸಿಪಿಯು, ಡಿರ್ಯಾಮ್ (ಮೆಮೊರಿ), ವಿಜಿಎ (ಗ್ರಾಫಿಕ್ಸ್), ಬೂಟ್ ಎಂಬ ನಾಲ್ಕು ಸಣ್ಣ ದೀಪಗಳಲ್ಲಿ ಯಾವುದು ಆರದೆ ಉಳಿದಿದೆ ನೋಡಿ, ಅಲ್ಲಿಂದ ಹುಡುಕಬೇಕು.

ವಿಂಡೋಸ್ ಬರುತ್ತಿದ್ದರೆ ಒಳಗಿನಿಂದಲೇ ಹೋಗಿ

ವಿಂಡೋಸ್ ನಡೆಯುತ್ತಿರುವ ಯಂತ್ರದಲ್ಲಿ ಕೀ ಒತ್ತುವ ಗೊಡವೆಯೇ ಬೇಡ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ ತೆರೆದು, ಅಡ್ವಾನ್ಸ್ಡ್ ಸ್ಟಾರ್ಟಪ್ ಎದುರಿನ ರೀಸ್ಟಾರ್ಟ್ ನೌ ಒತ್ತಿ. ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಶನ್ಸ್, ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್ ಎಂದು ಸಾಗಿ. ಯುಇಎಫ್‌ಐ ಎಂದರೆ ಬಯೋಸ್‌ನ ಹೊಸ ರೂಪ. ಶಿಫ್ಟ್ ಹಿಡಿದುಕೊಂಡು ಸ್ಟಾರ್ಟ್ ಮೆನುವಿನ ರೀಸ್ಟಾರ್ಟ್ ಒತ್ತಿದರೂ ಇದೇ ಜಾಗಕ್ಕೆ ಬರುತ್ತೀರಿ. ಇನ್ನೂ ಚುಟುಕಾಗಿ ಬೇಕಿದ್ದರೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು 'ಶಟ್‌ಡೌನ್ /ಆರ್ /ಎಫ್‌ಡಬ್ಲ್ಯೂ /ಟಿ 0' ಎಂಬ ಆಜ್ಞೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಿ. ಲಿನಕ್ಸ್‌ನಲ್ಲಾದರೆ 'ಸಿಸ್ಟಮ್‌ಸಿಟಿಎಲ್ ರೀಬೂಟ್ --ಫರ್ಮ್‌ವೇರ್-ಸೆಟಪ್'. ಲಿನಕ್ಸ್ ಶುರುವಾಗುವ ಮುನ್ನ ಬರುವ ಗ್ರಬ್ ಮೆನುವಿನಲ್ಲೂ ಅನೇಕ ಸಲ ಇದಕ್ಕೆಂದೇ ಒಂದು ಸಾಲು ಇರುತ್ತದೆ.

ಇವೆಲ್ಲ ಮಾಡುವುದು ಒಂದೇ ಕೆಲಸ. ಬೋರ್ಡ್‌ನ ನೆನಪಿನಲ್ಲಿ 'ಮುಂದಿನ ಸಲ ನೇರ ಸೆಟಪ್‌ಗೆ ಹೋಗು' ಎಂಬ ಸೂಚನೆಯೊಂದನ್ನು ಬರೆದಿಟ್ಟು ರೀಸ್ಟಾರ್ಟ್ ಮಾಡುತ್ತವೆ. ಅಲ್ಲಿ ಕೀಬೋರ್ಡ್‌ನ ಪಾತ್ರವೇ ಇಲ್ಲ. ಹೀಗಾಗಿ ಈ ದಾರಿ ಒಳ್ಳೆಯ ಪರೀಕ್ಷೆಯೂ ಹೌದು: ಇದರಿಂದ ಸೆಟಪ್ ಬಂದರೆ ದೋಷ ಕೀಬೋರ್ಡ್‌ನದ್ದು ಅಥವಾ ಸಮಯದ್ದು, ಇದರಿಂದಲೂ ಕಪ್ಪು ಪರದೆಯೇ ಬಂದರೆ ಕೀಬೋರ್ಡ್ ನಿರಪರಾಧಿ.

ಆ ನೀಲಿ ಪರದೆಯಲ್ಲಿ ಯುಇಎಫ್‌ಐ ಆಯ್ಕೆಯೇ ಇಲ್ಲದಿದ್ದರೆ ವಿಂಡೋಸ್ ಬಹುಪಾಲು ಹಳೆಯ ಲೆಗಸಿ ವಿಧಾನದಲ್ಲಿ ಇನ್‌ಸ್ಟಾಲ್ ಆಗಿರುತ್ತದೆ. ಸಿಸ್ಟಮ್ ಇನ್ಫರ್ಮೇಶನ್ ತೆರೆದು ಬಯೋಸ್ ಮೋಡ್ ಎಂಬ ಸಾಲು ನೋಡಿ. ಲೆಗಸಿ ಎಂದಿದ್ದರೆ ಕೀ ಒತ್ತುವುದೊಂದೇ ದಾರಿ. ಈ ಸಾಲನ್ನು ಬರೆದಿಟ್ಟುಕೊಳ್ಳಿ. ಸಿಮೋಸ್ ರೀಸೆಟ್ (ಬೋರ್ಡ್‌ನ ಸೆಟ್ಟಿಂಗ್‌ಗಳನ್ನು ಅಳಿಸಿ ಕಾರ್ಖಾನೆಯ ಸ್ಥಿತಿಗೆ ತರುವುದು) ಮಾಡುವ ಹೊತ್ತಿಗೆ ಬೇಕಾಗುತ್ತದೆ.

ಕೀ ಮುಟ್ಟುತ್ತಿಲ್ಲ

ಒತ್ತುತ್ತಿರುವುದು ಸರಿಯಾದ ಕೀ ಹೌದೇ ಎಂಬುದು ಮೊದಲ ಪ್ರಶ್ನೆ. ಬಿಡಿ ಭಾಗಗಳಿಂದ ಜೋಡಿಸಿದ ಯಂತ್ರಗಳಲ್ಲಿ ಏಸಸ್, ಎಎಸ್‌ರಾಕ್ ಬೋರ್ಡ್‌ಗಳು ಡಿಲೀಟ್ ಅಥವಾ ಎಫ್2 ಎರಡಕ್ಕೂ ಓಗೊಡುತ್ತವೆ. ಗಿಗಾಬೈಟ್ ಮತ್ತು ಎಮ್‌ಎಸ್‌ಐಗೆ ಡಿಲೀಟ್. ಕಂಪನಿಯಿಂದಲೇ ಜೋಡಿಸಿ ಬಂದವುಗಳಲ್ಲಿ ಡೆಲ್‌ಗೆ ಎಫ್2, ಎಚ್‌ಪಿಗೆ ಎಫ್10, ಲೆನೊವೊ ಡೆಸ್ಕ್‌ಟಾಪ್‌ಗಳಿಗೆ ಹೆಚ್ಚಾಗಿ ಎಫ್1. ಎಫ್8, ಎಫ್11, ಎಫ್12 ಯಾವ ಡಿಸ್ಕ್‌ನಿಂದ ಶುರುಮಾಡಬೇಕೆಂದು ಕೇಳುವ ಬೂಟ್ ಮೆನುವಿನ ಕೀಗಳು. ಅವುಗಳ ಉಪಯೋಗ ಬೇರೆ, ಆದರೆ ಸೆಟಪ್ ಕೀ ಸೋತಾಗ ಇವನ್ನೂ ಒತ್ತಿ ನೋಡಿ. ಬೂಟ್ ಮೆನುವಿನ ಕೊನೆಯಲ್ಲಿ ಎಂಟರ್ ಸೆಟಪ್ ಎಂಬ ಸಾಲು ಹಲವು ಬೋರ್ಡ್‌ಗಳಲ್ಲಿ ಸಿಗುತ್ತದೆ.

ಕೀಬೋರ್ಡ್‌ನ ಮೇಲೆ ಎಫ್ ಸಾಲಿನ ಕೀಗಳಿಗೆ ಧ್ವನಿ, ಬೆಳಕಿನ ಚಿಹ್ನೆಗಳಿದ್ದರೆ ಎಫ್2 ಒತ್ತಿದಾಗ ಹೋಗುವುದು ಎಫ್2 ಅಲ್ಲದೆ ಇರಬಹುದು. ಎಫ್‌ಎನ್ ಜೊತೆಗೆ ಒತ್ತಿ, ಇಲ್ಲವೇ ಡಿಲೀಟ್ ಬಳಸಿ.

ಬ್ಲೂಟೂತ್ ಕೀಬೋರ್ಡ್ ಈ ಕೆಲಸಕ್ಕೆ ಬರುವುದಿಲ್ಲ ಎಂದೇ ಇಟ್ಟುಕೊಳ್ಳಿ. ಅದರ ಜೋಡಣೆ ಆಪರೇಟಿಂಗ್ ಸಿಸ್ಟಮ್ ಬಂದ ಮೇಲೆ ಆಗುವಂಥದ್ದು. ಯುಎಸ್‌ಬಿ ರಿಸೀವರ್ ಇರುವ ವೈರ್‌ಲೆಸ್ ಕೀಬೋರ್ಡ್ ಸಾಮಾನ್ಯವಾಗಿ ಆಗುತ್ತದೆ, ಆದರೆ ಎಚ್ಚೆತ್ತುಕೊಳ್ಳಲು ಅದಕ್ಕೆ ಒಂದೆರಡು ಸೆಕೆಂಡು ಬೇಕು. ಅಷ್ಟರಲ್ಲಿ ಫರ್ಮ್‌ವೇರ್ ದಾಟಿ ಹೋಗಿರುತ್ತದೆ. ಪರೀಕ್ಷೆಗೆ ಬೇಕಾದದ್ದು ಬಣ್ಣದ ಅಲಂಕಾರ ದೀಪ, ಮ್ಯಾಕ್ರೋ ಏನೂ ಇಲ್ಲದ ಸಾದಾ ತಂತಿಯ ಕೀಬೋರ್ಡ್. ದುಬಾರಿ ಗೇಮಿಂಗ್ ಕೀಬೋರ್ಡ್‌ಗಳೇ ಇಲ್ಲಿ ಹೆಚ್ಚು ಕಾಡುವುದು. ಎಷ್ಟು ಕೀ ಒಟ್ಟಿಗೆ ಒತ್ತಿದರೂ ಗುರುತಿಸುವ ವ್ಯವಸ್ಥೆ ಅವುಗಳಲ್ಲಿರುತ್ತದೆ. ಫರ್ಮ್‌ವೇರ್‌ಗೆ ಅರ್ಥವಾಗುವುದು ಆರು ಕೀಗಳ ಸರಳ ಯುಎಸ್‌ಬಿ ಪದ್ಧತಿ. ಕೆಲವು ಕೀಬೋರ್ಡ್‌ಗಳ ಹಿಂಬದಿಯಲ್ಲಿ ಬಯೋಸ್ ಎಂದು ಬರೆದ ಸ್ವಿಚ್ಚೇ ಇರುತ್ತದೆ.

ಪೋರ್ಟ್ ವಿಚಾರ. ಕ್ಯಾಬಿನೆಟ್‌ನ ಮುಂಭಾಗದ ಪೋರ್ಟ್, ಯುಎಸ್‌ಬಿ ಹಬ್, ಮಾನಿಟರ್‌ನೊಳಗಿನ ಹಬ್, ಒಂದೇ ಕೀಬೋರ್ಡನ್ನು ಹಲವು ಯಂತ್ರಗಳಿಗೆ ಹಂಚುವ ಕೆವಿಎಮ್ ಸ್ವಿಚ್ ಇವೆಲ್ಲವನ್ನೂ ಬಿಟ್ಟು, ಹಿಂಬದಿಯಲ್ಲಿ ಬೋರ್ಡ್‌ಗೇ ಸೇರಿದ ಪೋರ್ಟ್‌ಗೆ ಹಾಕಿ. ಕಪ್ಪು ಬಣ್ಣದ ಯುಎಸ್‌ಬಿ 2.0 ಪೋರ್ಟ್ ಇದ್ದರೆ ಅದೇ ಮೊದಲ ಆಯ್ಕೆ. ಕೆಲವು ಬೋರ್ಡ್‌ಗಳಲ್ಲಿ ಹಿಂಬದಿಯ ಒಂದೆರಡು ವೇಗದ ಪೋರ್ಟ್‌ಗಳು ಚಿಪ್‌ಸೆಟ್‌ಗೆ ಸೇರಿರದೆ ಬೇರೆ ಕಂಪನಿಯ ಕಂಟ್ರೋಲರ್ ಚಿಪ್‌ಗೆ ಸೇರಿರುತ್ತವೆ, ಅವು ಎಚ್ಚರಗೊಳ್ಳುವುದು ತಡವಾಗಿ. ಪಿಎಸ್/2 ಎಂಬ ದುಂಡನೆಯ ಪೋರ್ಟ್ ಇನ್ನೂ ಇದ್ದರೆ, ಅಂಥ ಕೀಬೋರ್ಡ್ ಕೈಗೆ ಸಿಕ್ಕಿದರೆ, ಅದಕ್ಕಿಂತ ನೆಚ್ಚಿನದು ಇನ್ನೊಂದಿಲ್ಲ. ಯಂತ್ರ ಆಫ್ ಇದ್ದಾಗಲೇ ಹಾಕಬೇಕು ಅಷ್ಟೇ.

ಫರ್ಮ್‌ವೇರ್ ಕಾಯುತ್ತಿಲ್ಲ

ಇಲ್ಲಿ ಎರಡು ಬೇರೆ ಸಂಗತಿಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ. ಫಾಸ್ಟ್ ಸ್ಟಾರ್ಟಪ್ ಎನ್ನುವುದು ವಿಂಡೋಸ್‌ನದ್ದು. ಶಟ್‌ಡೌನ್ ಮಾಡಿದಾಗ ವಿಂಡೋಸ್ ತನ್ನ ಮೂಲಭಾಗವಾದ ಕರ್ನಲ್ ಅನ್ನು ಡಿಸ್ಕ್‌ಗೆ ಬರೆದು ಮಲಗುತ್ತದೆ, ಪೂರ್ತಿ ಆಫ್ ಆಗುವುದಿಲ್ಲ. ರೀಸ್ಟಾರ್ಟ್ ಮಾಡಿದಾಗ ಹಾಗಾಗುವುದಿಲ್ಲ. ಆದ್ದರಿಂದ ಸೆಟಪ್‌ಗೆ ಹೋಗಬೇಕಾದಾಗ ಆಫ್ ಮಾಡಿ ಆನ್ ಮಾಡುವ ಬದಲು ರೀಸ್ಟಾರ್ಟ್ ಮಾಡಿ, ಅಥವಾ ಶಿಫ್ಟ್ ಹಿಡಿದು ಶಟ್‌ಡೌನ್ ಒತ್ತಿ.

ಫಾಸ್ಟ್ ಬೂಟ್ ಎನ್ನುವುದು ಬೋರ್ಡ್‌ನದ್ದು, ನಿಜವಾದ ಅಡ್ಡಿ ಹೆಚ್ಚಾಗಿ ಇದೇ. ಇದು ಆನ್ ಇದ್ದಾಗ ಫರ್ಮ್‌ವೇರ್ ಯುಎಸ್‌ಬಿ ಸಾಧನಗಳನ್ನು ಪೂರ್ತಿ ಹುಡುಕುವ ಗೋಜಿಗೆ ಹೋಗದೆ ಬೂಟ್ ಡಿಸ್ಕ್‌ಗೆ ಜಿಗಿಯುತ್ತದೆ. ಅಲ್ಟ್ರಾ ಫಾಸ್ಟ್ ಎಂಬ ಮಟ್ಟದಲ್ಲಿ ಕೀಬೋರ್ಡ್ ಜೀವ ಪಡೆಯುವುದೇ ವಿಂಡೋಸ್ ಬಂದ ಮೇಲೆ; ಆಗ ಡಿಲೀಟ್ ಎಷ್ಟು ತಟ್ಟಿದರೂ ಕೇಳುವವರಿಲ್ಲ. ವಿಂಡೋಸ್ ಒಳಗಿನ ದಾರಿಯೂ ಮುಚ್ಚಿದ್ದರೆ ಈ ಉಪಾಯಗಳಿವೆ:

ಗೋಡೆಯ ಸ್ವಿಚ್ಚನ್ನೋ ಎಸ್‌ಎಮ್‌ಪಿಎಸ್ (ಪವರ್ ಸಪ್ಲೈ) ಹಿಂದಿನ ಸ್ವಿಚ್ಚನ್ನೋ ಆಫ್ ಮಾಡಿ, ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಉಳಿದ ಕರೆಂಟ್ ಖಾಲಿ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ. ಕರೆಂಟ್ ಪೂರ್ತಿ ಹೋಗಿ ಬಂದ ಮೇಲಿನ ಮೊದಲ ಬೂಟನ್ನು ಮಾಮೂಲಿ ವೇಗದಲ್ಲೇ ಮಾಡುವ ಆಯ್ಕೆ ಏಸಸ್ ಬೋರ್ಡ್‌ಗಳಲ್ಲಿದೆ. ಏಸಸ್‌ನ ಕೆಲವು ಬೋರ್ಡ್‌ಗಳಲ್ಲಿ ನೇರ ಸೆಟಪ್‌ಗೆ ಒಯ್ಯುವ ಡೈರೆಕ್ಟ್‌ಕೀ ಎಂಬ ಗುಂಡಿಯೂ ಇದೆ.

ಬೂಟ್ ಡಿಸ್ಕನ್ನು ಬಿಚ್ಚಿಟ್ಟು ಆನ್ ಮಾಡುವುದು ಇನ್ನೊಂದು. ಯಂತ್ರ ಆಫ್ ಮಾಡಿ, ಪ್ಲಗ್ ಕಿತ್ತು, ಡಿಸ್ಕ್‌ನ ಸಾಟಾ ಕೇಬಲ್ ಅಥವಾ ಬೋರ್ಡ್‌ಗೇ ಕೂರುವ ಎಮ್.2 ಡ್ರೈವ್ ತೆಗೆಯಿರಿ. ಬೂಟ್ ಮಾಡಲು ಏನೂ ಸಿಗದಿದ್ದರೆ ಹಲವು ಬೋರ್ಡ್‌ಗಳು ತಾವಾಗಿಯೇ ಸೆಟಪ್ ತೆರೆಯುತ್ತವೆ, ಉಳಿದವು ಬೂಟ್ ಡಿವೈಸ್ ಇಲ್ಲ ಎಂದು ಹೇಳಿ ಕಾಯುತ್ತವೆ. ಆಗ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ಕೂಡಲೇ ಸೆಟಪ್ ಕೀ ತಟ್ಟಿ. ಸೆಲ್ ಕೀಳುವುದಕ್ಕಿಂತ ಇದು ಎಷ್ಟೋ ಮೇಲು. ಸೆಟ್ಟಿಂಗ್‌ಗಳು ಸಾಮಾನ್ಯವಾಗಿ ಅಳಿಯುವುದಿಲ್ಲ.

ಸೆಟಪ್ ಇದೆ, ಕಾಣುತ್ತಿಲ್ಲ

ಫರ್ಮ್‌ವೇರ್ ತನ್ನ ಚಿತ್ರವನ್ನು ಎಲ್ಲ ಮಾನಿಟರ್‌ಗಳಿಗೂ ಕಳಿಸುತ್ತದೆ ಎಂಬ ಭರವಸೆ ಇಲ್ಲ. ಎರಡು ಮಾನಿಟರ್ ಇದ್ದರೆ ಒಂದನ್ನು ಕಿತ್ತುಬಿಡಿ, ಮಾನಿಟರ್ ಆಫ್ ಮಾಡಿದರೆ ಸಾಲದು, ಕೇಬಲ್ಲೇ ತೆಗೆಯಬೇಕು. ಗೋಡೆಗೆ ಹಾಕಿದ ಟಿವಿಗೆ ಹೋದ ಕೇಬಲ್‌ನ ನೆನಪಿರಲಿ, ಟಿವಿ ಆಫ್ ಇದ್ದರೂ ಸೆಟಪ್ ಅಲ್ಲಿಗೆ ಹೋಗಿ ಕೂತಿರಬಹುದು.

ಉಳಿದ ಒಂದು ಮಾನಿಟರ್‌ಗೆ ಡಿಸ್‌ಪ್ಲೇಪೋರ್ಟ್ ಬದಲು ಎಚ್‌ಡಿಎಮ್‌ಐ ಹಾಕಿ ನೋಡಿ. ಡಿಸ್‌ಪ್ಲೇಪೋರ್ಟ್ ಮಾನಿಟರ್‌ಗಳು ನಿದ್ದೆಯಿಂದ ಏಳುವುದು ನಿಧಾನ. ಇದಲ್ಲದೆ ಎನ್‌ವಿಡಿಯಾದ 900 ಮತ್ತು 1000 ಸರಣಿಯ ಕಾರ್ಡ್‌ಗಳಿಗೆ ಹೊಸ ಡಿಸ್‌ಪ್ಲೇಪೋರ್ಟ್ 1.3, 1.4 ಮಾನಿಟರ್ ಜೋಡಿಸಿದಾಗ ವಿಂಡೋಸ್ ಬರುವವರೆಗೂ ಪರದೆ ಕಪ್ಪಗೇ ಉಳಿಯುವ ತೊಂದರೆ ಇತ್ತು. ಅದಕ್ಕೆಂದೇ ಕಂಪನಿ ಕಾರ್ಡ್‌ನ ಫರ್ಮ್‌ವೇರ್ ತಿದ್ದುವ ಸಾಧನವನ್ನು ಬಿಡುಗಡೆ ಮಾಡಿದೆ. 'ವಿಂಡೋಸ್ ಚೆನ್ನಾಗಿ ಬರುತ್ತದೆ, ಬೋರ್ಡ್‌ನ ಲೋಗೋ ಮಾತ್ರ ಯಾವತ್ತೂ ಕಂಡಿಲ್ಲ' ಎನ್ನುವವರು ಇದನ್ನೇ ಮೊದಲು ಗಮನಿಸಬೇಕು.

ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ ಕೇಬಲ್ ಕಾರ್ಡ್‌ಗೇ ಹೋಗಿರಬೇಕು. ಕಾರ್ಡ್ ಮೇಲೆಯೇ ಅನುಮಾನವಿದ್ದರೆ ಅದನ್ನು ತೆಗೆದು ಬೋರ್ಡ್‌ನ ಎಚ್‌ಡಿಎಮ್‌ಐನಲ್ಲಿ ನೋಡಿ. ಕಾರ್ಡ್ ಇರುವಾಗಲೇ ಬೋರ್ಡ್‌ನ ಪೋರ್ಟ್‌ಗೆ ಹಾಕಿದರೆ ಉಪಯೋಗವಾಗದೆ ಇರಬಹುದು, ಕಾರ್ಡ್ ಕಂಡ ಕೂಡಲೇ ಪ್ರೊಸೆಸರ್ ಒಳಗಿನ ಗ್ರಾಫಿಕ್ಸನ್ನು ಆಫ್ ಮಾಡುವ ಬೋರ್ಡ್‌ಗಳೇ ಹೆಚ್ಚು. ಇಂಟೆಲ್‌ನ ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರ್‌ಗಳಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದೇ ಇಲ್ಲ. 7000 ಸರಣಿಗಿಂತ ಹಿಂದಿನ ಎಎಮ್‌ಡಿ ಡೆಸ್ಕ್‌ಟಾಪ್ ರೈಜನ್‌ಗಳಲ್ಲೂ ಜಿ ಅಕ್ಷರ ಇರುವವನ್ನು ಬಿಟ್ಟರೆ ಇಲ್ಲ.

ಹಳೆಯ ಕಾರ್ಡ್ ಮತ್ತು ಹೊಸ ಬೋರ್ಡ್ ಸೇರಿದಾಗ ಇನ್ನೊಂದು ಪೇಚು. ಸಿಎಸ್‌ಎಮ್ (ಹಳೆಯ ಲೆಗಸಿ ವಿಧಾನಕ್ಕೆ ಅವಕಾಶ ಕೊಡುವ ಸೆಟ್ಟಿಂಗ್) ಆಫ್ ಆಗಿರುವ ಬೋರ್ಡ್‌ನಲ್ಲಿ ಚಿತ್ರ ಬರಬೇಕಾದರೆ ಕಾರ್ಡ್‌ನ ಒಳಗೆ ಯುಇಎಫ್‌ಐಗೆ ಬೇಕಾದ ಜಿಒಪಿ ಎಂಬ ಭಾಗ ಇರಬೇಕು. ಹಳೆಯ ಕಾರ್ಡ್‌ಗಳಲ್ಲಿ ಅದಿಲ್ಲ. ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೆಟ್ಟಿಂಗ್‌ಗಾಗಿ ಸಿಎಸ್‌ಎಮ್ ಆಫ್ ಮಾಡಿದ ದಿನದಿಂದಲೇ ಸೆಟಪ್ ಮಾಯವಾಗಿದ್ದರೆ ಕಾರಣ ಇದೇ ಇರಬಹುದು. ಬೇರೆ ಕಾರ್ಡ್ ಅಥವಾ ಒಳಗಿನ ಗ್ರಾಫಿಕ್ಸ್ ಬಳಸಿ ಒಳಹೊಕ್ಕು ಸಿಎಸ್‌ಎಮ್ ಮತ್ತೆ ಆನ್ ಮಾಡಿ.

ಸೆಟಪ್ ತೆರೆಯುವಾಗ ಹ್ಯಾಂಗ್

ವಿಂಡೋಸ್ ಸಲೀಸಾಗಿ ಬರುತ್ತದೆ, ಸೆಟಪ್ ಮಾತ್ರ ಲೋಗೋದಲ್ಲೇ ನಿಲ್ಲುತ್ತದೆ ಎಂಬುದು ವಿಚಿತ್ರವಾಗಿ ಕಂಡರೂ ಅದಕ್ಕೆ ಕಾರಣವಿದೆ. ಮಾಮೂಲಿ ಬೂಟ್‌ನಲ್ಲಿ ಫರ್ಮ್‌ವೇರ್‌ಗೆ ಬೂಟ್ ಡಿಸ್ಕ್ ಒಂದು ಸಿಕ್ಕಿದರೆ ಸಾಕು. ಸೆಟಪ್ ತೆರೆಯಬೇಕಾದರೆ ಎಲ್ಲ ಡ್ರೈವ್, ಎಲ್ಲ ಯುಎಸ್‌ಬಿ ಸಾಧನಗಳನ್ನೂ ಮಾತನಾಡಿಸಿ ಪಟ್ಟಿ ಮಾಡಬೇಕು. ಅವುಗಳಲ್ಲಿ ಒಂದು ಉತ್ತರ ಕೊಡದೆ ಸತಾಯಿಸಿದರೆ ಅಲ್ಲೇ ಕಾಯುತ್ತಾ ನಿಲ್ಲುತ್ತದೆ.

ಹೀಗಾಗಿ ಬಿಚ್ಚುತ್ತಾ ಹೋಗಬೇಕು. ಮೊದಲು ಕೀಬೋರ್ಡ್ ಬಿಟ್ಟು ಉಳಿದ ಯುಎಸ್‌ಬಿಗಳೆಲ್ಲ ಹೊರಗೆ: ಪ್ರಿಂಟರ್, ಪೆನ್‌ಡ್ರೈವ್, ಕಾರ್ಡ್ ರೀಡರ್, ವೆಬ್‌ಕ್ಯಾಮ್, ಹೊರಗಿನ ಹಾರ್ಡ್‌ಡಿಸ್ಕ್. ಆಮೇಲೆ ಸಾಟಾ ಡ್ರೈವ್‌ಗಳು, ಆಮೇಲೆ ಎಮ್.2. ಪ್ರತಿ ಸಲವೂ ಪ್ಲಗ್ ಕಿತ್ತೇ ಕೆಲಸ ಮಾಡಿ. ಎಲ್ಲ ತೆಗೆದ ಮೇಲೆ ಸೆಟಪ್ ತೆರೆದರೆ ಒಂದೊಂದಾಗಿ ಮತ್ತೆ ಜೋಡಿಸಿ ತಪ್ಪಿತಸ್ಥನನ್ನು ಹಿಡಿಯಬಹುದು. ಅದು ಹಾರ್ಡ್‌ಡಿಸ್ಕೋ ಎಸ್‌ಎಸ್‌ಡಿಯೋ ಆಗಿದ್ದರೆ ಮುಂದಿನ ಕೆಲಸ ಅದರೊಳಗಿನ ಡೇಟಾ ಬೇರೆ ಕಡೆ ನಕಲು ಮಾಡಿಕೊಳ್ಳುವುದು, ಬಯೋಸ್ ಆಮೇಲೆ.

ಡ್ರೈವ್‌ಗಳೆಲ್ಲ ಸರಿಯಿದ್ದರೂ ನಿಂತರೆ ಬೋರ್ಡ್‌ನ ನೆನಪಿನಲ್ಲಿ ಉಳಿದ ಹಳೆಯ ಬೂಟ್ ನಮೂದುಗಳ ಮೇಲೆ ಕಣ್ಣಿಡಿ. ಲಿನಕ್ಸ್ ಪದೇ ಪದೇ ಇನ್‌ಸ್ಟಾಲ್ ಮಾಡಿದ ಯಂತ್ರಗಳಲ್ಲಿ ಇವು ರಾಶಿ ಬಿದ್ದಿರುತ್ತವೆ. ಲಿನಕ್ಸ್‌ನ ಇಎಫ್‌ಐಬೂಟ್‌ಎಮ್‌ಜಿಆರ್ ಎಂಬ ಸಾಧನದಿಂದ ಪಟ್ಟಿ ನೋಡಿ, ಈಗ ಇಲ್ಲದ ಡಿಸ್ಕ್‌ಗಳ ನಮೂದುಗಳನ್ನು ಅಳಿಸಬಹುದು. ಓವರ್‌ಕ್ಲಾಕ್ (ಪ್ರೊಸೆಸರ್ ವೇಗ ಏರಿಸುವುದು) ಅಥವಾ ಮೆಮೊರಿಯ ವೇಗ ಏರಿಸುವ ಎಕ್ಸ್‌ಎಮ್‌ಪಿ ಸೆಟ್ಟಿಂಗ್ ಬದಲಿಸಿದ ಮೇಲೆ ಹ್ಯಾಂಗ್ ಶುರುವಾಗಿದ್ದರೆ ಮಾತ್ರ ಬೇರೇನೂ ಹುಡುಕದೆ ನೇರವಾಗಿ ಸಿಮೋಸ್ ರೀಸೆಟ್‌ಗೆ ಹೋಗಬಹುದು.

ಸಿಮೋಸ್ ರೀಸೆಟ್, ಅದಕ್ಕೂ ಮುಂಚಿನ ಸಿದ್ಧತೆ

ರೀಸೆಟ್ ಆದರೆ ಬೋರ್ಡ್ ಕಾರ್ಖಾನೆಯ ಸೆಟ್ಟಿಂಗ್‌ಗಳಿಗೆ ಮರಳುತ್ತದೆ. ಆ ಸೆಟ್ಟಿಂಗ್‌ಗಳಲ್ಲಿ ನಿಮ್ಮ ವಿಂಡೋಸ್ ಬೂಟ್ ಆಗಬೇಕೆಂದೇನೂ ಇಲ್ಲ. ಡಿಸ್ಕ್‌ನ ಡೇಟಾಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ಕೈಯಲ್ಲಿಲ್ಲದಿದ್ದರೆ ಡಿಸ್ಕ್‌ನಲ್ಲಿರುವುದೆಲ್ಲ ಕೈಬಿಟ್ಟಂತೆಯೇ. ವಿಂಡೋಸ್ ಇನ್ನೂ ಬರುತ್ತಿರುವಾಗಲೇ ಕೀಯನ್ನು ಕಾಗದದ ಮೇಲೆ ಬರೆದುಕೊಂಡು ಬಿಟ್‌ಲಾಕರ್ ಅನ್ನು ಸಸ್ಪೆಂಡ್ ಮಾಡಿ. ಡಿಸ್ಕ್‌ಗಳು ರೇಡ್ ಅಥವಾ ಇಂಟೆಲ್ ವಿಎಮ್‌ಡಿ ವಿಧಾನದಲ್ಲಿದ್ದರೆ, ರೀಸೆಟ್ ಆಗಿ ಮಾಮೂಲಿ ವಿಧಾನವಾದ ಎಎಚ್‌ಸಿಐಗೆ ಬದಲಾದಾಗ ಬೂಟ್ ಡಿವೈಸ್ ಸಿಗುತ್ತಿಲ್ಲ ಎಂಬ ನೀಲಿ ಪರದೆ ಬರುತ್ತದೆ; ಗಾಬರಿಪಟ್ಟು ವಿಂಡೋಸ್ ಮತ್ತೆ ಹಾಕಬೇಡಿ, ಆ ಸೆಟ್ಟಿಂಗನ್ನು ಮೊದಲಿನಂತೆ ಇಟ್ಟರೆ ಸಾಕು. ಬಯೋಸ್ ಮೋಡ್ ಲೆಗಸಿ ಎಂದು ಬರೆದುಕೊಂಡಿದ್ದವರು ಸಿಎಸ್‌ಎಮ್ ಮತ್ತೆ ಆನ್ ಮಾಡಬೇಕಾಗುತ್ತದೆ.

ವಿಧಾನ ಹೀಗೆ. ಪ್ಲಗ್ ಕೀಳಿ, ಪವರ್ ಬಟನ್ ಹತ್ತು ಸೆಕೆಂಡು ಒತ್ತಿ. ಬೋರ್ಡ್‌ನ ಹಿಂಬದಿಯಲ್ಲಿ ಕ್ಲಿಯರ್ ಸಿಮೋಸ್ ಗುಂಡಿ ಇದ್ದರೆ ಕೈಪಿಡಿಯಂತೆ ಅದನ್ನು ಒತ್ತಿದರಾಯಿತು. ಇಲ್ಲದಿದ್ದರೆ ಜಂಪರ್ (ಎರಡು ಮೂರು ಸಣ್ಣ ಲೋಹದ ಪಿನ್‌ಗಳು) ಹುಡುಕಿ: ಏಸಸ್‌ನಲ್ಲಿ ಸಿಎಲ್‌ಆರ್‌ಟಿಸಿ, ಎಮ್‌ಎಸ್‌ಐನಲ್ಲಿ ಜೆಬಿಎಟಿ1, ಗಿಗಾಬೈಟ್‌ನಲ್ಲಿ ಸಿಎಲ್‌ಆರ್_ಸಿಮೋಸ್ ಎಂದು ಸೆಲ್‌ನ ಆಸುಪಾಸಿನಲ್ಲಿ ಸಣ್ಣದಾಗಿ ಅಚ್ಚಾಗಿರುತ್ತದೆ. ಎರಡು ಪಿನ್ ಇದ್ದರೆ ಸ್ಕ್ರೂಡ್ರೈವರ್ ತುದಿಯಿಂದ ಎರಡನ್ನೂ ಒಟ್ಟಿಗೆ ಹತ್ತು ಸೆಕೆಂಡು ಮುಟ್ಟಿಸಿ. ಮೂರು ಪಿನ್ ಇದ್ದರೆ ಕ್ಯಾಪನ್ನು 1-2ರಿಂದ 2-3ಕ್ಕೆ ಸರಿಸಿ, ಹತ್ತು ಸೆಕೆಂಡು ಬಿಟ್ಟು ಮೊದಲಿನ ಜಾಗಕ್ಕೇ ತನ್ನಿ. ವಾಪಸು ತರಲು ಮರೆತರೆ ಬೋರ್ಡ್ ಶುರುವಾಗದೆ ಇರಬಹುದು. ಜಂಪರ್ ಸಿಗಲೇ ಇಲ್ಲವೆಂದರೆ ಸಿಆರ್2032 ಸೆಲ್ ತೆಗೆದು ಹದಿನೈದು ನಿಮಿಷ ಬಿಡಿ. ತೆಗೆದಿದ್ದೇ ಆದರೆ ಮಲ್ಟಿಮೀಟರ್‌ನಲ್ಲಿ ಅಳೆಯಿರಿ; ಹೊಸದರಲ್ಲಿ 3 ವೋಲ್ಟ್‌ಗಿಂತ ತುಸು ಹೆಚ್ಚೇ ಇರುತ್ತದೆ, 2.7ಕ್ಕಿಂತ ಇಳಿದಿದ್ದರೆ ಬದಲಿಸಿ. ಅಂದಹಾಗೆ ಸತ್ತ ಸೆಲ್ ಸೆಟಪ್‌ಗೆ ಅಡ್ಡ ಬರುವುದು ಅಪರೂಪ. ಎಷ್ಟೋ ಬೋರ್ಡ್‌ಗಳು ಸೆಲ್ ಸತ್ತಾಗ 'ಸೆಟಪ್‌ಗೆ ಹೋಗಲು ಎಫ್1 ಒತ್ತಿ' ಎಂದು ತಾವೇ ಕರೆಯುತ್ತವೆ.

ರೀಸೆಟ್ ಆದ ಮೇಲಿನ ಮೊದಲ ಬೂಟ್‌ನಲ್ಲಿ ತಾಳ್ಮೆ ಬೇಕು. ಮೆಮೊರಿಯನ್ನು ಬೋರ್ಡ್ ಮತ್ತೆ ಹೊಂದಿಸಿಕೊಳ್ಳುತ್ತದೆ. ಡಿಡಿಆರ್5 ಮೆಮೊರಿಯ ಯಂತ್ರಗಳಲ್ಲಿ, ಅದರಲ್ಲೂ ಎಎಮ್‌ಡಿ ಪ್ರೊಸೆಸರ್‌ಗಳ ಎಎಮ್5 ಬೋರ್ಡ್‌ಗಳಲ್ಲಿ, ಇದಕ್ಕೆ ಹಲವು ನಿಮಿಷ ಹಿಡಿಯುವುದುಂಟು. ಡಿರ್ಯಾಮ್ ದೀಪ ಉರಿಯುತ್ತಿದೆ, ಪರದೆ ಕಪ್ಪಗಿದೆ ಎಂದು ನಡುವೆ ಸ್ವಿಚ್ ಆರಿಸಿದರೆ ಅದು ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಹದಿನೈದು ನಿಮಿಷ ಮುಟ್ಟದೆ ಬಿಡಿ.

ಪಾಸ್‌ವರ್ಡ್ ಕೇಳಿ ನಿಂತರೆ ಅದು ದೋಷವಲ್ಲ. ಕಚೇರಿಗೆಂದು ಮಾಡಿದ ಡೆಲ್, ಎಚ್‌ಪಿ, ಲೆನೊವೊ ಯಂತ್ರಗಳಲ್ಲಿ ಸೆಲ್ ಕಿತ್ತರೂ ಅನೇಕ ಸಲ ಪಾಸ್‌ವರ್ಡ್ ಹೋಗುವುದಿಲ್ಲ. ಯಂತ್ರ ಸಂಸ್ಥೆಯದ್ದಾದರೆ ಅಲ್ಲಿನ ಐಟಿ ವಿಭಾಗವನ್ನೇ ಕೇಳಿ, ಸ್ವಂತದ್ದಾದರೆ ಕೊಂಡ ರಸೀದಿಯೊಂದಿಗೆ ತಯಾರಕರ ಸೇವಾ ಕೇಂದ್ರಕ್ಕೆ ಹೋಗಿ.

ಇಷ್ಟಕ್ಕೂ ಬಗ್ಗದಿದ್ದರೆ

ಫರ್ಮ್‌ವೇರೇ ಕೆಟ್ಟಿರಬಹುದು. ಸೆಟಪ್ ತೆರೆಯದೆಯೇ ಪೆನ್‌ಡ್ರೈವ್‌ನಿಂದ ಹೊಸ ಬಯೋಸ್ ಬರೆಯುವ ಗುಂಡಿ ಹಲವು ಬೋರ್ಡ್‌ಗಳಲ್ಲಿದೆ: ಏಸಸ್‌ನಲ್ಲಿ ಬಯೋಸ್ ಫ್ಲ್ಯಾಶ್‌ಬ್ಯಾಕ್, ಎಮ್‌ಎಸ್‌ಐನಲ್ಲಿ ಫ್ಲ್ಯಾಶ್ ಬಯೋಸ್ ಬಟನ್, ಗಿಗಾಬೈಟ್‌ನಲ್ಲಿ ಕ್ಯೂ-ಫ್ಲ್ಯಾಶ್ ಪ್ಲಸ್. ಪೆನ್‌ಡ್ರೈವ್ ಎಫ್‌ಎಟಿ32 ವಿಧಾನದಲ್ಲಿ ಫಾರ್ಮ್ಯಾಟ್ ಆಗಿರಬೇಕು, ಕಡತದ ಹೆಸರು ಕೈಪಿಡಿಯಲ್ಲಿ ಹೇಳಿದ್ದೇ ಇರಬೇಕು, ಗುರುತು ಹಾಕಿದ ಪೋರ್ಟ್‌ಗೇ ಹಾಕಬೇಕು. ಮಿನುಗುವ ದೀಪ ಕೆಲವೇ ಸೆಕೆಂಡಿನಲ್ಲಿ ನಿಂತರೆ ಅಥವಾ ಮಿನುಗದೆ ಒಂದೇ ಸಮನೆ ಉರಿದರೆ ಕಡತದ ಹೆಸರನ್ನೋ ಪೆನ್‌ಡ್ರೈವನ್ನೋ ಅದು ಒಪ್ಪಿಲ್ಲ ಎಂದರ್ಥ. ಬರೆಯುವ ನಡುವೆ ಕರೆಂಟ್ ಹೋಗಬಾರದು, ಯುಪಿಎಸ್ ಇದ್ದರೆ ಈಗ ಬಳಸಿ. ಚಿಪ್‌ಗೆ ಕ್ಲಿಪ್ ಹಾಕಿ ಪ್ರೋಗ್ರಾಮರ್‌ನಿಂದ ಬರೆಯುವುದು ಕೊನೆಯ ದಾರಿ. 1.8 ವೋಲ್ಟ್‌ನ ಚಿಪ್‌ಗೆ 3.3 ವೋಲ್ಟ್ ಕೊಟ್ಟರೆ ಸುಟ್ಟುಹೋಗುತ್ತದೆ, ಚಿಪ್‌ನ ಮೇಲಿನ ನಂಬರ್ ನೋಡದೆ ಕೈಹಾಕಬೇಡಿ.

ಒಳಗೆ ಹೋದ ಮೇಲೆ ಬಂದ ಕೆಲಸಕ್ಕೂ ಮೊದಲು ಫಾಸ್ಟ್ ಬೂಟ್ ಆಫ್ ಮಾಡಿ, ಪೋಸ್ಟ್ ಡಿಲೇ ಅಥವಾ ಸೆಟಪ್ ಪ್ರಾಂಪ್ಟ್ ಟೈಮ್‌ಔಟ್ ಎಂಬ ಆಯ್ಕೆ ಇದ್ದರೆ 3ರಿಂದ 5 ಸೆಕೆಂಡಿಗೆ ಏರಿಸಿ. ಪೂರ್ಣ ಪರದೆಯ ಲೋಗೋವನ್ನೂ ಆಫ್ ಮಾಡಿಟ್ಟರೆ ಯಾವ ಕೀ ಒತ್ತಬೇಕು, ಯಾವ ಸಾಧನ ಹುಡುಕುವಾಗ ನಿಂತಿತು ಎಂಬುದು ಅಕ್ಷರಗಳಲ್ಲೇ ಕಾಣುತ್ತದೆ. ಎಫ್10 ಒತ್ತಿದಾಗ ಹಲವು ಬೋರ್ಡ್‌ಗಳು ಬದಲಾದ ಸೆಟ್ಟಿಂಗ್‌ಗಳ ಪಟ್ಟಿ ತೋರಿಸುತ್ತವೆ; ನೀವು ಮುಟ್ಟದ ಸಾಲೇನಾದರೂ ಅಲ್ಲಿದ್ದರೆ ಸೇವ್ ಮಾಡದೆ ಹೊರಬಂದು ಮತ್ತೆ ಒಳಗೆ ಹೋಗಿ.